ಮೂಲವ್ಯಾಧಿ

ಟಿವಿಯಲ್ಲಿ ಬರುವ ಕಥೆಯನ್ನು ಪುಸ್ತಕದಲ್ಲಿ ಮೊದಲೇ ಓದಿ ಮುಗಿಸಿದವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಓದಿದ್ದಾರೆಂಬುದು ನಮಗೆ ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ತಿಳಿಯದೆ ಇರಲು ಅವರು ಬಿಡುವುದಿಲ್ಲ. ನಮ್ಮವರ ಹೆಸರು ಆಧಾರ್ ಕಾರ್ಡಿನಲ್ಲಿ ಏನಾದರೂ ಇರಲಿ, ನಾವಂತೂ ಅವರನ್ನು ಮೂಲರಾಯರು ಎನ್ನುತ್ತೇವೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಡೆಲಿವರಿ ಮ್ಯಾನೇಜರು. ವಯಸ್ಸು ಐವತ್ತರ ಆಸುಪಾಸು. ಬಿ.ಪಿ. ಇಲ್ಲ, ಶುಗರ್ ಇಲ್ಲ. ಇರುವುದು ಒಂದೇ ತೊಂದರೆ. ಅದನ್ನು ಶೀರ್ಷಿಕೆಯಲ್ಲೇ ಹೇಳಿಬಿಟ್ಟಿದ್ದೇನೆ.

ಇದು ಮನೆತನದಿಂದ ಬಂದದ್ದು. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದಾಗ ಊರಿಗೆ ಊರೇ ಚಾಮಯ್ಯ ಮೇಷ್ಟ್ರಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದರೆ, ಇವರ ತಂದೆ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದೇ ಸಿನಿಮಾಕ್ಕೆ ತುರುಕಿದ ಲೆಕ್ಕವನ್ನು ಟಾಕೀಸಿನೊಳಗೇ ಬಿಡಿಸಿ ಹೇಳಿ ಹಿಂದಿನ ಸಾಲಿನವರಿಂದ ಉಗಿಸಿಕೊಂಡರಂತೆ. 1987ರಲ್ಲಿ ದೂರದರ್ಶನದ ‘ರಾಮಾಯಣ’ಕ್ಕೆ ಬೀದಿಯ ಜನ ಟಿವಿಗೆ ಹೂವಿಟ್ಟು ಕೈಮುಗಿದು ಕೂತಿದ್ದಾಗ ಇವರ ಅಜ್ಜ, ಲಕ್ಷ್ಮಣ ಗೆರೆ ಎಳೆಯುವ ಹೊತ್ತಿಗೆ ಸರಿಯಾಗಿ, ‘ವಾಲ್ಮೀಕಿಯಲ್ಲಿ ಈ ರೇಖೆ ಇಲ್ಲ’ ಎಂದುಬಿಟ್ಟರಂತೆ. ಇಲ್ಲದ್ದು ನಿಜವೇ. ಆದರೆ ಸೀತೆ ಕಾಲು ಹೊರಗಿಡುವ ಹೊತ್ತಿನಲ್ಲಿ ಆಡುವ ಮಾತೇ ಅದು?

ಮೊಮ್ಮಗನ ಪಾಲಿಗೆ ಬಂದವರು ಜಾರ್ಜ್ ಆರ್. ಆರ್. ಮಾರ್ಟಿನ್. ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಮಾಲೆಯ ಮೊದಲ ಪುಸ್ತಕ ಬಂದದ್ದು 1996ರಲ್ಲಿ. ಅದನ್ನು ಆಧರಿಸಿ ಎಚ್‌ಬಿಒ ‘ಗೇಮ್ ಆಫ್ ಥ್ರೋನ್ಸ್’ ಶುರು ಮಾಡಿದ್ದು 2011ರಲ್ಲಿ. ನಡುವಿನ ಹದಿನೈದು ವರ್ಷ ಮೂಲರಾಯರನ್ನು ಕೇಳುವವರೇ ಇರಲಿಲ್ಲ. ಡ್ರ್ಯಾಗನ್ನುಗಳಿರುವ ಪುಸ್ತಕವನ್ನು ಮದುವೆಯಾದ ಗಂಡಸು ಓದುತ್ತಾನಲ್ಲ ಎಂದು ಮಾವನ ಮನೆಯಲ್ಲಿ ಗುಸುಗುಸು ಇತ್ತು. ಸೀರೀಸ್ ಬಂದ ಮೇಲೆಯೇ ಅವರ ಓದಿಗೆ ಬೆಲೆ ಬಂತು. ಈ ಉಪಕಾರಕ್ಕಾಗಿ ಅವರು ಸೀರೀಸನ್ನು ಇವತ್ತಿಗೂ ಕ್ಷಮಿಸಿಲ್ಲ.

ಅವರ ಮನೆಯ ಹಾಲಿನಲ್ಲಿ, ಬೇರೆಯವರು ಚನ್ನಪಟ್ಟಣದ ಗೊಂಬೆ ಇಡುವ ಷೋಕೇಸಿನಲ್ಲಿ, ಆ ಮಾಲೆ ಕೂತಿದೆ. ಮನೆಗೆ ಬಂದವರು ಎಣಿಸುತ್ತಾರೆ. ‘ಏಳೂ ಇದೆಯಲ್ಲ ಸಾರ್, ಪೂರ್ತಿ ಸೆಟ್ಟು!’

‘ಅದು ಐದು.’

‘ಏಳು ಕಾಣ್ತಾ ಇದೆಯಲ್ಲ ಸಾರ್?’

‘ಕಾಣೋದು ಏಳು. ಬಂದಿರೋದು ಐದು. ಬರಬೇಕಾದ್ದು ಏಳು.’

ಬಂದವರು ಕಾಫಿ ಲೋಟ ಕೆಳಗಿಟ್ಟು ಚಪ್ಪಲಿ ಹುಡುಕುತ್ತಾರೆ. ಲೆಕ್ಕ ಮಾತ್ರ ಸರಿಯಾದದ್ದೇ. ನಮ್ಮಲ್ಲಿ ಸಿಗುವ ಸೆಟ್ಟಿನಲ್ಲಿ ಮೂರನೆಯ ಮತ್ತು ಐದನೆಯ ಪುಸ್ತಕಗಳನ್ನು, ದಪ್ಪವೆಂದು, ಎರಡೆರಡು ಭಾಗ ಮಾಡಿದ್ದಾರೆ. ಐದನೆಯದು ಬಂದದ್ದು 2011ರಲ್ಲಿ. ಆರನೆಯದಾದ ‘ದ ವಿಂಡ್ಸ್ ಆಫ್ ವಿಂಟರ್’ಗಾಗಿ ಜಗತ್ತು ಅಂದಿನಿಂದ ಕಾಯುತ್ತಿದೆ. ಒಂದು ದಿನ ತಡವಾಗಿ ಕೆಲಸ ಒಪ್ಪಿಸಿದ ಹುಡುಗರನ್ನು ಕ್ಯಾಬಿನ್ನಿಗೆ ಕರೆದು ಕೂರಿಸುವ ಈ ಮನುಷ್ಯ ಮಾರ್ಟಿನ್ನರ ಬಗ್ಗೆ ಮಾತ್ರ, ‘ಒಳ್ಳೇ ಕೆಲಸಕ್ಕೆ ಡೆಡ್‌ಲೈನ್ ಇರಬಾರದು’ ಎನ್ನುತ್ತಾರೆ. ಮಾರ್ಟಿನ್ ಇವತ್ತಿಗೂ ಡಾಸ್ ಕಂಪ್ಯೂಟರಿನಲ್ಲಿ ವರ್ಡ್‌ಸ್ಟಾರ್ ಹಾಕಿಕೊಂಡು ಬರೆಯುತ್ತಾರೆಂದು ಹೇಳುವಾಗ ಅವರ ಕಣ್ಣು ತುಂಬಿ ಬರುತ್ತದೆ. ತಮ್ಮ ಟೀಮಿನವರು ಹಳೆಯ ವರ್ಷನ್ ಬಳಸಿದರೆ ಮೇಲಿನವರಿಗೆ ಮೇಲ್ ಹೋಗುತ್ತದೆ.

ಸೀರೀಸಿನ ಮೊದಲ ವರ್ಷಗಳು ಅವರ ಆಳ್ವಿಕೆಯ ಕಾಲ. ‘ಸಾರ್, ನೆಡ್ ಸ್ಟಾರ್ಕೇ ತಾನೇ ಹೀರೋ?’ ಎಂದು ಯಾರಾದರೂ ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಒಂದು ನಗು ಬರುತ್ತಿತ್ತು. ಒಂಬತ್ತನೆಯ ಕಂತಿನಲ್ಲಿ ನೆಡ್ ಸ್ಟಾರ್ಕನ ತಲೆ ಉರುಳಿದ ಮೇಲೆ ಆ ನಗುವಿನ ಅರ್ಥ ಆಫೀಸಿಗೆಲ್ಲ ಗೊತ್ತಾಯಿತು. ಅಂದಿನಿಂದ ಅವರು ಯಾರ ಹೆಸರು ಕೇಳಿ ನಕ್ಕರೂ ನಾವು ಆ ಪಾತ್ರಕ್ಕೆ ಎಳ್ಳುನೀರು ಬಿಡುತ್ತಿದ್ದೆವು.

2013ರಲ್ಲಿ ‘ರೆಡ್ ವೆಡ್ಡಿಂಗ್’ ಕಂತು ಬಂದಾಗ ಮೂಲರಾಯರು ನಮ್ಮನ್ನೆಲ್ಲ ಮನೆಗೆ ಕರೆದರು. ಕೋಡುಬಳೆ ಕೊಟ್ಟರು, ಸೋಫಾದಲ್ಲಿ ಸಾಲಾಗಿ ಕೂರಿಸಿದರು, ತಾವು ಟಿವಿಗೆ ಬೆನ್ನು ಹಾಕಿ ನಮಗೆದುರಾಗಿ ಕುರ್ಚಿ ಹಾಕಿಕೊಂಡರು. ಈ ಮಾರಣಹೋಮವನ್ನು ಅವರು 2000ದಲ್ಲಿ ಬಂದ ‘ಎ ಸ್ಟಾರ್ಮ್ ಆಫ್ ಸ್ವೋರ್ಡ್ಸ್’ನಲ್ಲೇ ಓದಿ, ಒಬ್ಬರೇ ಅತ್ತು, ಹೇಳಿಕೊಳ್ಳಲು ಯಾರೂ ಸಿಗದೆ ವರ್ಷಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು. ಆ ರಾತ್ರಿ ಅವರು ನೋಡಿದ್ದು ನಮ್ಮ ಮುಖಗಳನ್ನು. ಬಾಗಿಲು ಮುಚ್ಚಿತು, ಹಾಡು ಬದಲಾಯಿತು, ರಾಬ್ ಸ್ಟಾರ್ಕನ ಬಸುರಿ ಹೆಂಡತಿಗೆ ಚೂರಿ ಬಿತ್ತು. ನಮ್ಮಲ್ಲೊಬ್ಬನ ಕೋಡುಬಳೆ ಬಾಯಿಗೂ ತಟ್ಟೆಗೂ ನಡುವೆ ನಿಂತುಹೋಯಿತು. ಮೂಲರಾಯರು ತೃಪ್ತಿಯಿಂದ ಕನ್ನಡಕ ಒರೆಸಿಕೊಂಡು ಹೇಳಿದರು: ‘ಮೂಲದಲ್ಲಿ ಹೆಂಡತಿ ಆ ಮದುವೆಗೆ ಹೋಗೋದೇ ಇಲ್ಲ. ಹೆಸರೂ ತಲೀಸಾ ಅಲ್ಲ, ಜೇನ್. ಬದುಕಿದ್ದಾಳೆ.’ ಸತ್ತವಳ ಮನೆಯವರಿಗೆ ಸಮಾಧಾನ ಹೇಳುವ ದನಿಯಲ್ಲಿ ಮುಂದುವರಿಸಿದರು: ‘ರಾಬ್‌ನ ತಾಯಿ ಕ್ಯಾಟ್ಲಿನ್ ಕೂಡ ಎದ್ದು ಬರ್ತಾಳೆ. ಲೇಡಿ ಸ್ಟೋನ್‌ಹಾರ್ಟ್ ಅಂತ ಹೆಸರು. ಕಾದು ನೋಡಿ.’

ಕಾದೆವು. ಪ್ರತಿ ಸೀಸನ್ನಿನ ಕೊನೆಯ ಕಂತಿಗೂ ‘ಈ ಸಲ ಬರ್ತಾಳೆ’ ಎಂದರು. ಎಂಟು ಸೀಸನ್ ಮುಗಿದರೂ ಆಯಮ್ಮ ಬರಲಿಲ್ಲ. ಆ ಗಾಯ ಇನ್ನೂ ಮಾಗಿಲ್ಲ. ಅವರೆದುರು ಆ ಹೆಸರು ಎತ್ತಬಾರದೆಂದು ಹೊಸದಾಗಿ ಸೇರುವ ಹುಡುಗರಿಗೆ ಮೊದಲ ದಿನವೇ ತಿಳಿಸುತ್ತೇವೆ.

ಅವರ ದೂರುಗಳ ಪಟ್ಟಿ ಉದ್ದವಿದೆ. ಡೆನೇರಿಸಳಿಗೆ ಮೂಲದಲ್ಲಿ ಹದಿಮೂರು ವರ್ಷ, ಕಣ್ಣು ನೇರಳೆ. ಥಿಯಾನನ ಅಕ್ಕನ ಹೆಸರು ಆಶಾ. ಅದನ್ನು ಯಾರಾ ಎಂದು ಬದಲಿಸಿ ನಮ್ಮ ಕಿವಿಗೆ ಪರಿಚಿತವಾದ ಒಂದೇ ಹೆಸರನ್ನೂ ಕಿತ್ತುಕೊಂಡರು. ಕಬ್ಬಿಣದ ಸಿಂಹಾಸನ ಮೂಲದಲ್ಲಿ ಬೆಟ್ಟದಷ್ಟಿದೆ, ಇಲ್ಲಿ ಮದುವೆ ಛತ್ರದ ಕುರ್ಚಿಗಿಂತ ತುಸು ದೊಡ್ಡದು. ಆದರೆ ಅವರ ದೊಡ್ಡ ವ್ಯಾಜ್ಯ ಟಿರಿಯನ್ ಲ್ಯಾನಿಸ್ಟರನ ಮೂಗು. ಮೂಲದಲ್ಲಿ ಬ್ಲ್ಯಾಕ್‌ವಾಟರ್ ಯುದ್ಧದಲ್ಲಿ ಅವನ ಮೂಗಿನ ಬಹುಪಾಲು ಹಾರಿಹೋಗುತ್ತದೆ. ಟಿವಿಯಲ್ಲಿ ಮುಖಕ್ಕೊಂದು ಗೀರು ಬಿದ್ದು ಮುಗಿಯುತ್ತದೆ. ‘ಮೂಗು ಉಳಿಸಿ ಪಾತ್ರ ಕೊಂದರು’ ಎಂದು ಮೂಲರಾಯರು ಕ್ಯಾಂಟೀನಿನಲ್ಲಿ ಅಬ್ಬರಿಸುತ್ತಿದ್ದಾಗ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಮೊಬೈಲ್ ತೋರಿಸಿದಳು. ‘ಸಾರ್, 2012ರ ಆ ಕಂತನ್ನು ಬರೆದವರು ಮಾರ್ಟಿನ್ನೇ. ಹೆಸರು ಹಾಕಿದ್ದಾರೆ ನೋಡಿ.’

ಕ್ಯಾಂಟೀನು ಸ್ತಬ್ಧವಾಯಿತು. ಮೂಲರಾಯರು ಕಾಫಿ ಒಂದು ಗುಟುಕು ಕುಡಿದರು. ‘ಬರೆಸಿರ್ತಾರೆ’ ಎಂದರು.

ನ್ಯಾಯವಾಗಿ ಹೇಳಬೇಕೆಂದರೆ ಅವರ ಮಾತು ಬಹಳ ಸಲ ಸರಿಯಾಗಿರುತ್ತದೆ. ನಮಗಿರುವ ಕಷ್ಟವೇ ಅದು. ಮಾರ್ಟಿನ್ 1980ರ ದಶಕದಲ್ಲಿ ‘ದ ಟ್ವಿಲೈಟ್ ಝೋನ್’, ‘ಬ್ಯೂಟಿ ಅಂಡ್ ದ ಬೀಸ್ಟ್’ ಸರಣಿಗಳಿಗೆ ಬರೆದವರು. ಖರ್ಚು ಹೆಚ್ಚಾಯಿತು, ಪಾತ್ರ ಹೆಚ್ಚಾಯಿತು, ಕಡಿಮೆ ಮಾಡಿ ಎಂದು ಹೇಳಿಸಿಕೊಂಡು ಬೇಸತ್ತು, ಯಾರೂ ಚಿತ್ರಿಸಲಾಗದಷ್ಟು ದೊಡ್ಡದಾಗಿ ಬರೆಯಲು ಕೂತವರು. ಅವರ ಪ್ರತಿ ಅಧ್ಯಾಯವೂ ಒಂದು ಪಾತ್ರದ ತಲೆಯೊಳಗೆ ನಡೆಯುತ್ತದೆ. ಒಬ್ಬಳು ಬಾಯಲ್ಲಿ ಒಂದು ಹೇಳಿ ಮನಸ್ಸಿನಲ್ಲಿ ಇನ್ನೊಂದು ಲೆಕ್ಕ ಹಾಕುವುದು ಪುಟದ ಮೇಲೆ ಎರಡು ಸಾಲಿನ ಕೆಲಸ. ಕ್ಯಾಮೆರಾಕ್ಕೆ ಕಾಣುವುದು ಮುಖ ಮಾತ್ರ. ಹಾಗಾಗಿ ತೆರೆಯ ಮೇಲೆ ಯೋಚನೆಯೆಲ್ಲ ಮಾತಾಗಬೇಕು, ಇಲ್ಲವೇ ಮಾಯವಾಗಬೇಕು. ಇದನ್ನು ಮೂಲರಾಯರು ಸೊಗಸಾಗಿ ವಿವರಿಸುತ್ತಾರೆ. ವಿವರಿಸುವುದು ಕಂತು ನಡೆಯುತ್ತಿರುವಾಗ, ಬೀಗರ ಊಟದಲ್ಲಿ ಪ್ರತಿ ತುತ್ತಿಗೂ ಉಪ್ಪಿನ ಮಾತೆತ್ತುವ ಗಂಡಿನ ಕಡೆಯವರ ಹಾಗೆ.

ಅವರ ಶ್ರೀಮತಿ ಒಂದು ಪುಟವನ್ನೂ ಓದಿದವರಲ್ಲ. ಒಂದು ಕಂತನ್ನೂ ಬಿಟ್ಟವರಲ್ಲ. ‘ಸೀರಿಯಲ್ಲು’ ಎನ್ನುತ್ತಾರೆ, ಗಂಡನಿಗೆ ಮೈ ಉರಿಯಲೆಂದೇ. ಎರಡನೆಯ ಸೀಸನ್ನಿನಲ್ಲಿ ಟೈವಿನ್ ಲ್ಯಾನಿಸ್ಟರನಿಗೆ ಪುಟ್ಟ ಆರ್ಯಾ ಗುರುತು ಮರೆಸಿಕೊಂಡು ಊಟ ಬಡಿಸುವ ದೃಶ್ಯಗಳಿವೆ. ‘ಆ ಮುದುಕ, ಆ ಮಗು ಮಾತಾಡೋದನ್ನ ಎಷ್ಟು ಸಲ ಹಾಕ್ಕೊಂಡು ನೋಡ್ತಾರೆ ಗೊತ್ತಾ ಇವರು?’ ಎಂದು ಒಂದು ಸಂಜೆ ನಮ್ಮೆದುರಿಗೇ ಹೇಳಿಬಿಟ್ಟರು. ‘ರೀ, ಅದು ನಿಮ್ಮ ಪುಸ್ತಕದಲ್ಲಿದೆಯಾ?’

ಇಲ್ಲ. ಪುಸ್ತಕದಲ್ಲಿ ಆರ್ಯಾ ಬಟ್ಟಲು ಹಿಡಿಯುವುದು ರೂಸ್ ಬೋಲ್ಟನ್ನನಿಗೆ, ಟೈವಿನ್ ಹೊರಟುಹೋದ ಮೇಲೆ. ಮೂಲರಾಯರು ಅದನ್ನು ಹೇಳಲಿಲ್ಲ. ಕುಕ್ಕರ್ ಎಷ್ಟು ಕೂಗಿತೆಂದು ಕೇಳಿದರು.

ಇಂಥವರ ಸಿಂಹಾಸನ ಅಲುಗಾಡಿದ್ದು 2016ರಲ್ಲಿ. ಐದನೆಯ ಪುಸ್ತಕದ ಕೊನೆಗೆ ಜಾನ್ ಸ್ನೋ ಇರಿತ ತಿಂದು ಬೀಳುತ್ತಾನೆ. ಐದನೆಯ ಸೀಸನ್ನೂ ಅಲ್ಲಿಗೇ ಬಂದು ನಿಂತಿತ್ತು. ಆರನೆಯ ಸೀಸನ್ ಶುರುವಾಯಿತು, ಆರನೆಯ ಪುಸ್ತಕ ಬರಲಿಲ್ಲ. ‘ಸಾರ್, ಎದ್ದು ಬರ್ತಾನಾ?’ ಎಂದು ಕೇಳಿದರೆ ನಗು ಬರಲಿಲ್ಲ. ಮೂಲರಾಯರಿಗೂ ಗೊತ್ತಿರಲಿಲ್ಲ! ಕುರ್ಚಿ ತಿರುಗಿಸಿಕೊಂಡು, ನಮ್ಮ ಜೊತೆ, ನಮ್ಮಂತೆ ಟಿವಿಗೆ ಮುಖ ಮಾಡಿ ಕೂತರು. ಹೋಡರ್ ಬಾಗಿಲು ಹಿಡಿದು ನಿಂತಾಗ ಅವರ ಗಂಟಲು ಕಟ್ಟಿತು. ‘ಮೂಲದಲ್ಲಿ...’ ಎಂದು ಬಾಯಿ ತೆರೆದು, ಮೂಲವೇ ಇಲ್ಲದ್ದು ನೆನಪಾಗಿ, ಮುಚ್ಚಿಕೊಂಡರು. ಅವರು ಸೀರೀಸನ್ನು ನಿಜವಾಗಿ ನೋಡಿದ್ದು ಆ ದಿನಗಳಲ್ಲೇ ಎಂದು ನನ್ನ ಅನುಮಾನ. ಸುಖಪಟ್ಟದ್ದನ್ನು ಮಾತ್ರ ಯಾರಿಗೂ ತೋರಿಸಿಕೊಳ್ಳಲಿಲ್ಲ.

2019ರ ಕೊನೆಯ ಸೀಸನ್ ಅವರನ್ನು ಮತ್ತೆ ಪೀಠಕ್ಕೇರಿಸಿತು. ಸೋಮವಾರ ಬೆಳಗಿನ ಆರೂವರೆಗೆ ಅಮೆರಿಕದ ಜೊತೆಜೊತೆಗೇ ಕಂತು ಬರುತ್ತಿತ್ತು. ಕಂಪನಿ ಬಸ್ಸಿನಲ್ಲಿ ಅರ್ಧ ಜನ ನೋಡುತ್ತಿದ್ದರೆ ಉಳಿದರ್ಧ ಕಿವಿ ಮುಚ್ಚಿಕೊಂಡಿರುತ್ತಿದ್ದರು. ಆರೇ ಕಂತಿನಲ್ಲಿ ಕಥೆಯನ್ನು ಓಡಿಸಿ ಮುಗಿಸಿದ ರೀತಿಗೆ ಜಗತ್ತೇ ಸಿಟ್ಟಾಯಿತು. ಮತ್ತೊಮ್ಮೆ ಚಿತ್ರಿಸಿ ಎಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ನಾಲ್ಕನೆಯ ಕಂತಿನಲ್ಲಿ ಡೆನೇರಿಸಳ ಮುಂದೆ ಯಾರೋ ಮರೆತು ಬಿಟ್ಟ ಇಂದಿನ ಕಾಲದ ಕಾಫಿ ಕಪ್ಪು ಕಾಣಿಸಿದಾಗ ಮೂಲರಾಯರು ಎದ್ದು ನಿಂತು ಘೋಷಿಸಿದರು: ‘ಮೂಲದಲ್ಲಿ ಆ ಲೋಟ ಇಲ್ಲ!’ ಅಂದು ಮಾತ್ರ ಆಫೀಸು ಒಮ್ಮತದಿಂದ ಒಪ್ಪಿತು.

ಅಂತಿಮ ಕಂತಿನ ಸಂಜೆ ಅವರ ಭಾಷಣ ಒಂದು ಗಂಟೆ ನಡೆಯಿತು. ಎಲ್ಲ ಕೇಳಿದ ಶ್ರೀಮತಿ ಸೊಪ್ಪು ಬಿಡಿಸುತ್ತಲೇ, ‘ಕೆಟ್ಟದಾಗೋ ಒಳ್ಳೇದಾಗೋ, ಅವರಾದರೂ ಮುಗಿಸಿದರಲ್ಲ ರೀ’ ಎಂದರು.

ಇದಕ್ಕೆ ಮೂಲರಾಯರು ನಮ್ಮ ನೆಲದಲ್ಲೇ ಆಸರೆ ಹುಡುಕಿದರು. ‘ಕುಮಾರವ್ಯಾಸ ಕೂಡ ಹತ್ತೇ ಪರ್ವ ಬರೆದಿದ್ದು. ಅದಕ್ಕೇನು ಅವನು ಸಣ್ಣವನಾದನಾ?’

ಅಲ್ಲೇ ಇದ್ದ ಅವರ ಭಾವಮೈದ ಕನ್ನಡ ಮೇಷ್ಟ್ರು. ‘ಇಲ್ಲ ಭಾವ. ಉಳಿದದ್ದನ್ನ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಗಿಸಿದ. ನಿಮ್ಮ ಎಚ್‌ಬಿಒದವರು ತಿಮ್ಮಣ್ಣನ ಕೆಲಸ ಮಾಡಿದ್ದಾರೆ, ಬಿಡಿ. ಇನ್ನು ಪಂಪ ದ್ರೌಪದಿಗೆ ಅರ್ಜುನ ಒಬ್ಬನೇ ಗಂಡ ಅಂದ. ವ್ಯಾಸರಲ್ಲಿ ಐವರು. ಸಾವಿರ ವರ್ಷದಿಂದ ಆದಿಕವಿ ಅಂತ ಕರೀತಾನೇ ಇದ್ದೀವಿ.’

‘ಪಂಪನಿಗೆ ಬಜೆಟ್ ಸಮಸ್ಯೆ ಇರಲಿಲ್ಲ’ ಎಂದು ಮೂಲರಾಯರು ವಿಷಯ ಮುಗಿಸಿದರು.

2022ರಲ್ಲಿ ‘ಹೌಸ್ ಆಫ್ ದ ಡ್ರ್ಯಾಗನ್’ ಬಂದಾಗ ಅವರಿಗೆ ಹೊಸ ಸಂಕಟ. ಅದರ ಮೂಲವಾದ ‘ಫೈರ್ ಅಂಡ್ ಬ್ಲಡ್’ ಕಾದಂಬರಿಯಂತೆ ಇಲ್ಲ, ಇತಿಹಾಸದ ಗ್ರಂಥದಂತೆ ಇದೆ. ಒಂದೇ ಘಟನೆಗೆ ಪಂಡಿತ ಒಂದು ಹೇಳುತ್ತಾನೆ, ಪುರೋಹಿತ ಇನ್ನೊಂದು, ಮಶ್ರೂಮ್ ಎಂಬ ಆಸ್ಥಾನದ ವಿದೂಷಕ ಮೂರನೆಯದು. ಮೂಲವೇ ‘ಹೀಗಾಗಿರಬಹುದು, ಹಾಗೂ ಆಗಿರಬಹುದು’ ಎನ್ನುವಾಗ ಯಾವುದನ್ನು ಹಿಡಿದು ಬೈಯುವುದು? ಅವರು ದಾರಿ ಕಂಡುಕೊಂಡರು. ಸೀರೀಸ್ ಯಾವ ಪಾಠ ಹಿಡಿದರೂ ಇವರು ಉಳಿದೆರಡರ ಪಕ್ಷ. 2024ರಲ್ಲಿ ಎರಡನೆಯ ಸೀಸನ್ನಿನ ಬದಲಾವಣೆಗಳ ಬಗ್ಗೆ ಸ್ವತಃ ಮಾರ್ಟಿನ್ ಬಹಿರಂಗವಾಗಿ ಅಸಮಾಧಾನ ಬರೆದುಕೊಂಡಾಗ ಅದು ಆಫೀಸಿನ, ಅಪಾರ್ಟ್‌ಮೆಂಟಿನ, ಮಗಳ ಸ್ಕೂಲ್ ವ್ಯಾನಿನ ವಾಟ್ಸಾಪ್ ಗುಂಪುಗಳಿಗೆಲ್ಲ ಬೆಳಗಿನ ಶುಭೋದಯದ ಜೊತೆ ಬಂತು.

ಮೊನ್ನೆ ಅದೇ ಕ್ಯಾಂಟೀನಿನ ಹುಡುಗಿ ಅವರನ್ನು ಕೇಳಿದಳು. ‘ಸಾರ್, ಕಥೆಯ ಮುಖ್ಯ ತಿರುವುಗಳನ್ನು ಮಾರ್ಟಿನ್ ಸೀರೀಸಿನವರಿಗೆ ಮೊದಲೇ ಹೇಳಿದ್ದರಂತಲ್ಲ. ಆರು, ಏಳು ಎರಡೂ ಪುಸ್ತಕ ಬಂದು, ಕೊನೆಗೆ ಸೀರೀಸಿನಲ್ಲಿದ್ದ ಹಾಗೇ ಬ್ರಾನೇ ರಾಜ ಅಂತ ಅವರೇ ಬರೆದುಬಿಟ್ಟರೆ?’

ನಾವೆಲ್ಲ ಲೋಟ ಕೆಳಗಿಟ್ಟೆವು. ಮೂಲರಾಯರು ನಿಧಾನವಾಗಿ ಮೊಬೈಲ್ ತೆಗೆದು ಒಂದು ಚಿತ್ರವನ್ನು ದೊಡ್ಡದು ಮಾಡಿದರು. 1993ರಲ್ಲಿ ಮಾರ್ಟಿನ್ ತಮ್ಮ ಏಜೆಂಟರಿಗೆ ಬರೆದ ಪತ್ರ, 2015ರಲ್ಲಿ ಹೊರಬಿತ್ತು. ಅದರ ಪ್ರಕಾರ ಮಾಲೆಯಲ್ಲಿ ಇರಬೇಕಾದದ್ದು ಮೂರೇ ಪುಸ್ತಕ. ಜಾನ್ ಸ್ನೋ ಮತ್ತು ಆರ್ಯಾ ಪರಸ್ಪರ ಪ್ರೀತಿಸಬೇಕಿತ್ತು. ವಿಂಟರ್‌ಫೆಲ್ಲಿಗೆ ಬೆಂಕಿ ಇಡಬೇಕಾದವನು ಟಿರಿಯನ್.

‘ಇದು ಮೂಲದ ಮೂಲ’ ಎಂದರು ಮೂಲರಾಯರು. ಕನ್ನಡಕ ಸರಿಮಾಡಿಕೊಂಡು ನಮ್ಮ ಕಡೆ ಬಾಗಿ ದನಿ ತಗ್ಗಿಸಿದರು. ‘ನಿಮ್ಮಲ್ಲೇ ಇರಲಿ. ಇದನ್ನು ನೋಡಿದ ಮೇಲೆ ನನಗೆ ಮಾರ್ಟಿನ್ ಮೇಲೂ ಅನುಮಾನ. ಆ ಮನುಷ್ಯ ಮೂಲವನ್ನು ಸರಿಯಾಗಿ ಓದಿಕೊಂಡ ಹಾಗೆ ಕಾಣೋದಿಲ್ಲ ಕಣ್ರೀ.’