ಎಡಗೈಗೆ ತಿಳಿಯದಂತೆ ಲೋಟ ತೊಳೆಯುವ ವಿಧಾನ

ಸಭೆಯ ಸೇವೆಗೆ ನೀವು ಹೆಸರು ಕೊಟ್ಟಿದ್ದೀರಿ. ಮೊದಲು ಆ ಹೆಸರನ್ನು ವಾಪಸು ತೆಗೆದುಕೊಳ್ಳಿ. ಮುಂದಿನ ಕೆಲಸಕ್ಕೆ ಅದು ಬೇಕಾಗುವುದಿಲ್ಲ.

ಬೇಕಾಗುವ ಸಾಮಾನು: ಒಂದು ಬಕೆಟ್ ಉಗುರುಬೆಚ್ಚಗಿನ ನೀರು, ಹಳೇ ಪಂಚೆಯ ತುಂಡು, ಹಿಡಿಸೂಡಿಯಿಂದ ಎಳೆದ ಒಂದು ಗಟ್ಟಿ ಕಡ್ಡಿ. ಜೊತೆಗೆ, ಆರಾಧನೆ ಮುಗಿಸಿ ಎಲ್ಲರೂ ಅಂಗಳದಲ್ಲಿ ಚಹಾ ಕುಡಿಯುತ್ತ ನಗುವ ಸದ್ದನ್ನು ಒಳಗೆ ನಿಂತು ಕೇಳುವ ತಾಳ್ಮೆ. ಈ ಕೊನೆಯದು ಮಂಗಳೂರಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕೆಲಸ ಇಷ್ಟೇ. ಕರ್ತನ ಭೋಜನ ಇದ್ದ ಭಾನುವಾರ ಹೆಬ್ಬೆರಳ ಗಾತ್ರದ ಗಾಜಿನ ಲೋಟಗಳು ತೊಳೆಯಲು ಬೀಳುತ್ತವೆ. ತಳದಲ್ಲಿ ದ್ರಾಕ್ಷಾರಸದ ಒಂದು ಹನಿ ಕೂತಿರುತ್ತದೆ. ಹಾಗೇ ಬಿಟ್ಟರೆ ಒಣಗಿ ನೇರಳೆ ಉಂಗುರವಾಗುತ್ತದೆ. ಕಿರುಬೆರಳು ಅಲ್ಲಿಗೆ ಮುಟ್ಟುವುದಿಲ್ಲ. ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಒಳಗಿಳಿಸಿ, ಎರಡು ಸುತ್ತು ತಿರುಗಿಸಿ. ಮೂರನೆಯದು ಬೇಡ, ಗಾಜು ಬಿರಿಯುವುದು ಮೂರನೆಯ ಸುತ್ತಿಗೇ. ಬೆಳಕಿಗೆ ಹಿಡಿದು ನೋಡಿ. ತುಟಿಯ ಗುರುತು ಕಂಡರೆ ಯಾರದೆಂದು ಊಹಿಸಬೇಡಿ. (ಊಹಿಸುತ್ತೀರಿ. ಆದರೂ ಹೇಳುವುದು ಕೈಪಿಡಿಯ ಕರ್ತವ್ಯ.)

ಮೊದಲ ಸಲ ತೊಳೆದ ನೀರನ್ನು ಮೋರಿಗೆ ಚೆಲ್ಲಕೂಡದು. ಹಿತ್ತಿಲ ದಾಸವಾಳದ ಬುಡಕ್ಕೆ ಹಾಕಬೇಕು. ನಮ್ಮಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ. ನನಗೆ ಕಲಿಸಿದ್ದು ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹಿರಿಯರೊಬ್ಬರು, ನಾನು ಮೋರಿಯ ಕಡೆ ಹೊರಟಾಗ ಹಿಂದಿನಿಂದ ಕೂಗಿ. ನಮ್ಮವರಿಗೆ ಪ್ರಾರ್ಥನೆ ಕನ್ನಡದಲ್ಲಿ, ಗದರಿಕೆ ತುಳುವಿನಲ್ಲಿ. ಪಾಠ ತುಳುವಿನಲ್ಲೇ ಆಯಿತು.

ಇನ್ನು ತಾಂತ್ರಿಕ ತೊಂದರೆ. ನೀನು ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬರ್ಥದ ಯೇಸುಸ್ವಾಮಿಯ ಮಾತು ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ಕಾಣಿಕೆ ಹಾಕುವಾಗ ಇದು ಸಾಧ್ಯ. ಲೋಟ ತೊಳೆಯುವಾಗ ಹೇಗೆ? ಲೋಟ ಹಿಡಿದುಕೊಂಡಿರುವುದೇ ಎಡಗೈ. ಅದಕ್ಕೆ ಎಲ್ಲವೂ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಬಾಯಿಗೆ ಹೇಳುತ್ತದೆ.

ನನ್ನದೇ ಕಥೆ ಕೇಳಿ. ಒಂದು ಬೆಳೆಹಬ್ಬದ ದಿನ, ಹೊರಗೆ ಕುಂಬಳಕಾಯಿ ಏಲಂ ಜೋರಾಗಿ ನಡೆದಿದ್ದಾಗ, ಒಳಗೆ ರಾಶಿ ರಾಶಿ ಸ್ಟೀಲ್ ಲೋಟ ತೊಳೆದೆ. ವಂದನಾರ್ಪಣೆಯಲ್ಲಿ ಮೈಕಿನವನ ಹೆಸರು ಬಂತು, ಕುಂಬಳಕಾಯಿ ಕೊಟ್ಟವರ ಹೆಸರು ಬಂತು, ನನ್ನದು ಬರಲಿಲ್ಲ. ಮೂರು ಭಾನುವಾರ ಹಿಂದಿನ ಬೆಂಚಿನಲ್ಲಿ ಮುಖ ಊದಿಸಿಕೊಂಡು ಕೂತೆ. ಅದೂ ಯಾರ ಗಮನಕ್ಕೂ ಬರಲಿಲ್ಲ. ಆ ಸಿಟ್ಟು ಬೇರೆ.

ಹಿಂದಿನ ಬೆಂಚಿನಿಂದ ಮಾಡು ಚೆನ್ನಾಗಿ ಕಾಣುತ್ತದೆ. ನಮ್ಮ ಹೆಂಚುಗಳ ಅಡಿಯಲ್ಲಿ ಬಾಸೆಲ್ ಮಿಷನ್ ಎಂದು ಒತ್ತಿದೆ. ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಹೆಂಚಿನ ಮೇಲೆ ಕಾರ್ಖಾನೆಯ ಹೆಸರಿದೆ, ಮಣ್ಣು ಹದ ಮಾಡಿದವನದ್ದಿಲ್ಲ. ಅವರದೇ ಅಚ್ಚುಕೂಟದಲ್ಲಿ 1894ರಲ್ಲಿ ಕಿಟೆಲರ ನಿಘಂಟು ಅಚ್ಚಾಯಿತು, ಸುಮಾರು 70,000 ಪದ. ಕಿಟೆಲರಿಗೆ ಬೆಂಗಳೂರಿನಲ್ಲಿ ಪ್ರತಿಮೆಯಿದೆ, ಇರಲೇಬೇಕು. ಆದರೆ ಕನ್ನಡದ ಒತ್ತು, ದೀರ್ಘಗಳನ್ನೆಲ್ಲ ಒಂದೊಂದೇ ಮೊಳೆಯಾಗಿ ಜೋಡಿಸಿ, ಅಚ್ಚಾದ ಮೇಲೆ ಬಿಡಿಸಿ ತಿರುಗಿ ಖಾನೆಗೆ ಹಾಕಿದವರು? ಬಿಡಿಸಿ ಹಾಕುವುದು ಲೋಟ ತೊಳೆದ ಹಾಗೇ. ಸರಿಯಾಗಿ ಮಾಡಿದ್ದರೆ, ಮಾಡಿದ ಗುರುತೇ ಉಳಿಯುವುದಿಲ್ಲ. ನಾಲ್ಕನೆಯ ಭಾನುವಾರ ಎದ್ದು ಒಳಗೆ ಹೋದೆ. ದೊಡ್ಡ ಜ್ಞಾನೋದಯವೇನಲ್ಲ, ಕತ್ತು ನೋಯುತ್ತಿತ್ತು.

ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ: 1691ರಲ್ಲಿ ತೀರಿಕೊಂಡ ಬ್ರದರ್ ಲಾರೆನ್ಸರನ್ನು ನೆನೆಯಿರಿ. ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದರು, ಆಮೇಲೆ ಮಠದವರ ಚಪ್ಪಲಿ ರಿಪೇರಿ ಮಾಡಿದರು. ಪಾತ್ರೆಗಳ ಗದ್ದಲವೂ ಪ್ರಾರ್ಥನೆಯ ಹೊತ್ತೂ ಅವರಿಗೆ ಒಂದೇ ಆಗಿತ್ತಂತೆ. ನನಗೆ ಹಿಡಿಸಿದ್ದು ಅದಲ್ಲ. ಅಡುಗೆಮನೆ ಕೆಲಸವೆಂದರೆ ಅವರಿಗೆ ಸ್ವಭಾವತಃ ಆಗುತ್ತಿರಲಿಲ್ಲ ಎಂಬ ಸಂಗತಿ. ಅದನ್ನು ಓದಿ ಆದಷ್ಟು ಸಮಾಧಾನ ನನಗೆ ಎಷ್ಟೋ ಪ್ರಸಂಗಗಳಿಂದ ಆಗಿಲ್ಲ.

ಯೋಹಾನನ ಸುವಾರ್ತೆಯನ್ನೂ ತೆರೆದು ನೋಡಬಹುದು, ಕೈ ಒರೆಸಿಕೊಂಡು. ಆ ಕಡೇ ರಾತ್ರಿಯ ಊಟದಲ್ಲಿ ಮಿಕ್ಕ ಮೂವರು ಸುವಾರ್ತೆಗಾರರು ರೊಟ್ಟಿ, ದ್ರಾಕ್ಷಾರಸದ ಮಾತು ಹೇಳಿದರೆ, ಯೋಹಾನ ಅದನ್ನು ಬಿಟ್ಟು ಸ್ವಾಮಿ ಶಿಷ್ಯರ ಕಾಲು ತೊಳೆದದ್ದನ್ನು ಬರೆಯುತ್ತಾನೆ. ನಡುವಿಗೆ ಕಟ್ಟಿಕೊಂಡ ಬಟ್ಟೆ, ಬೋಗುಣಿ, ಪೇತ್ರನ ತಕರಾರು, ಎಲ್ಲ ಇದೆ. ಅಷ್ಟು ಜನರ ಕಾಲಿನ ಧೂಳು ಕದಡಿದ ನೀರನ್ನು ಆಮೇಲೆ ಹೊತ್ತುಕೊಂಡು ಹೋಗಿ ಚೆಲ್ಲಿದವರು ಯಾರೆಂದು ಮಾತ್ರ ಇಲ್ಲ. ದಾಸವಾಳದ ಬುಡದಲ್ಲಿ ನಿಂತಾಗ ನನಗೆ ಅವನ ನೆನಪಾಗುತ್ತದೆ. ಅವಳೂ ಇರಬಹುದು.

ಕೊನೆಗೆ ಲೋಟ ಎಣಿಸಿ. ನಮ್ಮ ತಟ್ಟೆಗೆ 40 ತೂತು. 39 ಸಿಕ್ಕರೆ ಗಾಬರಿ ಬೇಡ, ಯಾರೋ ಬೆಂಚಿನ ಕೆಳಗಿಟ್ಟು ಮರೆತಿದ್ದಾರೆ. ನಿಂತಲ್ಲಿಂದ ಅದು ಕಾಣುವುದಿಲ್ಲ. ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗಿಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿ. ಸಾಮಾನ್ಯವಾಗಿ ಎಡಗಡೆ ನಾಲ್ಕನೇ ಬೆಂಚು.