ಕಪ್ಪು ಪರದೆಯ ಅಂಚೆಯಣ್ಣ

ಮೌಸ್ ಹಿಡಿದು ಮೇಲ್‌ಗಳನ್ನು ಒಂದೊಂದಾಗಿ ಎಳೆದು ಫೋಲ್ಡರಿಗೆ ಹಾಕುವವರನ್ನು ಕಂಡರೆ ನನಗೆ ಕನಿಕರ. ಲಿನಕ್ಸ್ ಹಾಕಿಕೊಂಡವರಿಗೆಲ್ಲ ಈ ಕನಿಕರ ಇನ್‌ಸ್ಟಾಲ್ ಆಗುವಾಗಲೇ ಉಚಿತವಾಗಿ ಬರುತ್ತದೆ. ಕಪ್ಪು ಪರದೆ, ಮಿಟುಕುವ ಕರ್ಸರು, ಒಂದೇ ಒಂದು ಸಾಲಿನ ಆಜ್ಞೆ. ಎಂಟರ್ ಒತ್ತಿದರೆ ಸಾವಿರಾರು ಮೇಲ್‌ಗಳು ಸಾಲಾಗಿ ಹೊರಟು ಮನೆ ಸೇರಬೇಕು. ಸೇರುತ್ತವೆ ಕೂಡ. ಯಾರ ಮನೆ ಅನ್ನುವುದಷ್ಟೇ ಪ್ರಶ್ನೆ.

ಆ ದಿನಗಳಲ್ಲಿ ನಾನು ಉತ್ತರ ಬರೆಯಬೇಕಾದ ಮೇಲ್‌ಗಳು ಬಹಳ ಇದ್ದವು. ಉತ್ತರ ಬರೆಯುವುದಕ್ಕಿಂತ ವಿಂಗಡಿಸುವುದು ಸುಲಭ. ಪಕ್ಕದಲ್ಲಿ ನಿಂತು ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. "ಅಪಾರ್ಟ್‌ಮೆಂಟ್ ಸಂಘದವರು ಏನೋ ಮೇಲ್ ಕಳಿಸಿದ್ದಾರಂತೆ, ನೋಡ್ರೀ" ಎಂದು ಹೆಂಡತಿ ಹೇಳಿದಾಗ, "ಮೊದಲು ಒಂದು ವ್ಯವಸ್ಥೆ ಆಗಲಿ" ಎಂದು ಗಂಭೀರವಾಗಿ ಹೇಳಿ ಟರ್ಮಿನಲ್ ತೆರೆದೆ.

ಮೊದಲಿಗೆ ಪ್ರೊಕ್‌ಮೇಲ್ ಕಲಿಯೋಣವೆಂದುಕೊಂಡೆ. ಬಂದ ಮೇಲ್ ಯಾವ ಫೋಲ್ಡರಿಗೆ ಹೋಗಬೇಕೆಂದು ಬಾಗಿಲಲ್ಲೇ ತೀರ್ಮಾನಿಸುವ ಹಳೆಯ ತಂತ್ರಾಂಶ ಅದು. ಅದರ ನಿಯಮಗಳು ಕೀಬೋರ್ಡಿನ ಮೇಲೆ ಬೆಕ್ಕು ನಡೆದುಹೋದಂತೆ ಇರುತ್ತವೆ: ಒಂದು ಕೋಲನ್, ಒಂದು ಸೊನ್ನೆ, ಒಂದು ನಕ್ಷತ್ರ, ಒಂದು ಟೊಪ್ಪಿಗೆ. 2001ರ ಆವೃತ್ತಿಯ ನಂತರ ಎರಡು ದಶಕ ಹೊಸದು ಬರಲಿಲ್ಲ. 2014ರಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವರೇ ಇದರ ಕೋಡ್ ಸುರಕ್ಷಿತವಲ್ಲ, ತೆಗೆದುಹಾಕಿ ಎಂದುಬಿಟ್ಟರು. ಇಷ್ಟೆಲ್ಲ ಓದಿದ ಮೇಲೆ ಬುದ್ಧಿವಂತನೊಬ್ಬ ಜಿಮೇಲಿನ ಫಿಲ್ಟರಿಗೆ ಹೋಗುತ್ತಿದ್ದ. ನಾನು ನನ್ನದೇ ಸ್ಕ್ರಿಪ್ಟ್ ಬರೆಯಲು ಕೂತೆ.

ಸರ್ವರಿನಲ್ಲಿದ್ದ ಮೇಲನ್ನೆಲ್ಲ ಎಂಬಿಸಿಂಕ್ ಎಂಬ ತಂತ್ರಾಂಶ ಬಳಸಿ ಮೇಲ್‌ಡಿರ್ ರೂಪದಲ್ಲಿ ಇಳಿಸಿಕೊಂಡೆ. ಮೇಲ್‌ಡಿರ್ ಎಂದರೆ ಒಂದು ಮೇಲಿಗೆ ಒಂದು ಫೈಲು. ಓದಿದ್ದರೆ ಹೆಸರಿನ ಬಾಲದಲ್ಲಿ ಎಸ್, ಉತ್ತರಿಸಿದ್ದರೆ ಆರ್. ಗ್ರೆಪ್ ಎಂಬ ಆಜ್ಞೆ ಕೊಟ್ಟರೆ ಬೇಕಾದ ಪದ ಇರುವ ಫೈಲುಗಳನ್ನು ಅದು ಹೆಕ್ಕಿ ಕೊಡುತ್ತದೆ. ಎಂವಿ ಎಂಬ ಆಜ್ಞೆ ಅವನ್ನು ಸಾಗಿಸುತ್ತದೆ. ನನ್ನ ಫೈಲುಗಳ ಬಾಲದಲ್ಲಿ ಆರ್ ಹುಡುಕಿದರೂ ಸಿಗಲಿಲ್ಲ ಎಂಬುದು ಬೇರೆ ಮಾತು.

ಮೊದಲ ಪ್ರಯೋಗ ಬಾಡಿಗೆ ರಸೀದಿಗಳ ಮೇಲೆ. 'ರೆಂಟ್' ಎಂದು ಹುಡುಕು, ಸಿಕ್ಕಿದ್ದನ್ನೆಲ್ಲ ಬಾಡಿಗೆ ಫೋಲ್ಡರಿಗೆ ಹಾಕು ಎಂದೆ. ಗ್ರೆಪ್ ನಿಷ್ಠಾವಂತ ಪ್ರಾಣಿ, ಹೇಳಿದ್ದಷ್ಟನ್ನೇ ಮಾಡುತ್ತದೆ. ಕರೆಂಟ್ ಬಿಲ್ಲು ಬಾಡಿಗೆಗೆ ಹೋಯಿತು. ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗ್ ಬಾಡಿಗೆಗೆ ಹೋಯಿತು. "ನಿನ್ನ ರುಚಿಯೇ ಡಿಫರೆಂಟ್ ಬಿಡಪ್ಪಾ" ಎಂದು ಗೆಳೆಯ ಇಂಗ್ಲಿಷಿನಲ್ಲಿ ಬರೆದ ಕಾಗದವೂ ಹೋಗಿ ಅಲ್ಲೇ ಕೂತಿತು. ನಾನು ಬಾಡಿಗೆ ಮನೆ ಬಿಟ್ಟು ವರ್ಷಗಳಾಗಿದ್ದರಿಂದ, ನಿಜವಾದ ರಸೀದಿ ಮಾತ್ರ ಒಂದೂ ಇರಲಿಲ್ಲ.

ಕನ್ನಡ ಮೇಲ್‌ಗಳ ಕಥೆ ಇನ್ನೂ ಸ್ವಾರಸ್ಯದ್ದು. 'ಸಂಘ' ಎಂದು ಹುಡುಕಿದರೆ ಶೂನ್ಯ. 'ಮದುವೆ' ಎಂದರೂ ಶೂನ್ಯ. ನನ್ನ ನೆಂಟರಲ್ಲಿ ಯಾರಿಗೂ ಮದುವೆಯೇ ಆಗುತ್ತಿಲ್ಲವೇ ಎಂದು ಒಂದು ಫೈಲು ತೆರೆದರೆ, ವಿಷಯದ ಸಾಲಿನಲ್ಲಿ ಬೀಜಾಕ್ಷರಗಳು! ಮೇಲಿನ ತಲೆಬರಹಗಳು ಹುಟ್ಟಿದ್ದೇ ಇಂಗ್ಲಿಷ್ ಅಕ್ಷರಕ್ಕಾಗಿ. ಮಿಕ್ಕ ಲಿಪಿಗಳು ಹೆಚ್ಚಾಗಿ ಬೇಸ್64 ಎಂಬ ಬುರ್ಖಾ ಹಾಕಿಕೊಂಡು ಓಡಾಡುತ್ತವೆ. ಆರ್‌ಎಫ್‌ಸಿ 2047 ಎಂಬ 1996ರ ಕಟ್ಟಳೆ ಇದು. ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟು. ಅಕಾರದಿಂದ ಹಕಾರದವರೆಗೆ ಎಲ್ಲಕ್ಕೂ ಮೊದಲೆರಡು ಬೈಟು ಒಂದೇ. ಹಾಗಾಗಿ ಬೇಸ್64ಕ್ಕೆ ತಿರುಗಿಸಿದರೆ ಕನ್ನಡದ ಯಾವ ಪದದಿಂದ ಶುರುವಾದರೂ ವಿಷಯದ ಸಾಲು ಆರಂಭವಾಗುವುದು 4ಎಲ್‌ಕೆ ಎಂದೇ. ಮದುವೆಯೂ 4ಎಲ್‌ಕೆ, ತಿಥಿಯೂ 4ಎಲ್‌ಕೆ.

ಇದನ್ನು ಕಂಡುಹಿಡಿದ ರಾತ್ರಿ ನಾನು ಕುಣಿದಾಡಿದೆ. ಬುರ್ಖಾ ತೆಗೆಸಿ ಓದುವ ಎರಡು ಸಾಲಿನ ಪೈಥಾನ್ ಬರೆದಿದ್ದರೆ ಮುಗಿಯುತ್ತಿತ್ತು. ಅದರ ಬದಲು 4ಎಲ್‌ಕೆ ಇದ್ದದ್ದನ್ನೆಲ್ಲ 'ಕನ್ನಡ' ಎಂಬ ಫೋಲ್ಡರಿಗೆ ತಳ್ಳಿದೆ. ಇನ್ನು ಬರುವವೂ ತಾವಾಗಿಯೇ ಅಲ್ಲಿಗೆ ಹೋಗುವಂತೆ ಏರ್ಪಾಟು ಮಾಡಿದೆ. ಕನ್ನಡಕ್ಕೊಂದು ಪ್ರತ್ಯೇಕ ಮನೆ! ರಾಜ್ಯೋತ್ಸವದ ಭಾಷಣಕಾರನ ಹಾಗೆಯೇ, ಕಟ್ಟಿದ ಮೇಲೆ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಬ್ಯಾಂಕಿನ ಸರದಿ. ಬ್ಯಾಂಕಿನ ಮೇಲ್‌ಗಳನ್ನು ಒಂದೊಂದಾಗಿ ಎತ್ತಿ 'ಬ್ಯಾಂಕ್'ಗೆ ಸಾಗಿಸು ಎಂದು ಲೂಪ್ ಬರೆದು ಎಂಟರ್ ಒತ್ತಿದೆ. ಕ್ಷಣದಲ್ಲಿ ಮುಗಿಯಿತು. ಆ ಹೆಸರಿನ ಫೋಲ್ಡರನ್ನೇ ಮಾಡಿರಲಿಲ್ಲ ಎಂಬುದು ಹೊಳೆದದ್ದು ಕಾಫಿ ಕುಡಿಯುವಾಗ. ಫೋಲ್ಡರ್ ಇದ್ದರೆ ಎಂವಿ ಅದರೊಳಗೆ ಹಾಕುತ್ತದೆ. ಇಲ್ಲದಿದ್ದರೆ ಫೈಲಿಗೇ ಆ ಹೆಸರಿಡುತ್ತದೆ. ಮೊದಲ ಮೇಲ್ 'ಬ್ಯಾಂಕ್' ಆಯಿತು. ಎರಡನೆಯದು ಬಂದು ಅದರ ತಲೆಯ ಮೇಲೆ ಕೂತು ತಾನೇ 'ಬ್ಯಾಂಕ್' ಆಯಿತು. ಭಸ್ಮಾಸುರನಿಗೂ ತಲೆಯ ಮೇಲೆ ಕೈ ಇಡುವಷ್ಟು ಪುರುಸೊತ್ತು ಬೇಕಿತ್ತು. ಇಲ್ಲಿ ಅದೂ ಬೇಕಾಗಲಿಲ್ಲ. ಕೊನೆಗೆ ಉಳಿದದ್ದು ಒಂದೇ ಒಂದು ಮೇಲ್. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂಬ ಹಿತವಚನ.

ಇಂಥ ಅನಾಹುತಕ್ಕೆ ಅಡ್ಡಗಟ್ಟೆ ಹಾಕಿದವರೂ ಹಿಂದೆ ಇದ್ದರು. 1979ರಲ್ಲಿ ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆಯಲ್ಲಿ ಎಂಎಚ್ ಎಂಬ ಮೇಲ್ ವ್ಯವಸ್ಥೆ ಹುಟ್ಟಿತು. ಒಂದು ಮೇಲಿಗೆ ಒಂದು ಫೈಲು ಅಲ್ಲೂ ಇತ್ತು. ಫೋಲ್ಡರಿಗೆ ಸೇರಿಸಲು ರಿಫೈಲ್ ಎಂಬ ಪ್ರತ್ಯೇಕ ಆಜ್ಞೆ. ಫೋಲ್ಡರ್ ಇಲ್ಲದಿದ್ದರೆ, ಮಾಡಲೇ ಎಂದು ಅದು ಕೇಳುತ್ತದೆ. ಮೇಲ್ ಅಳಿಸು ಎಂದರೆ ಕೂಡಲೇ ಅಳಿಸದೆ ಫೈಲಿನ ಹೆಸರಿನ ಮುಂದೆ ಒಂದು ಅಲ್ಪವಿರಾಮ ಇಟ್ಟು ಬಿಡುತ್ತಿತ್ತು. ಮನಸ್ಸು ಬದಲಾದರೆ ಅಲ್ಪವಿರಾಮ ತೆಗೆದರಾಯಿತು. ಮನುಷ್ಯರನ್ನು ಬಲ್ಲವರು ಬರೆದದ್ದು. ನಾನು ನಂಬಿದ್ದ ಎಂವಿಗೆ ಗೊತ್ತಿದ್ದದ್ದು ಪೂರ್ಣವಿರಾಮ ಮಾತ್ರ.

ಸರ್ವರಿನಲ್ಲಿ ಪ್ರತಿ ಇದ್ದೇ ಇರುತ್ತದಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ, ಐದು ನಿಮಿಷಕ್ಕೊಮ್ಮೆ ಓಡುವಂತೆ ನಾನೇ ಇಟ್ಟಿದ್ದ ಎಂಬಿಸಿಂಕ್ ಓಡಿತು. ಇಲ್ಲಿ ಇಲ್ಲದ್ದನ್ನು ಅಲ್ಲೂ ಇಲ್ಲವಾಗಿಸಿತು. ಪುಣ್ಯಕ್ಕೆ ಜಿಮೇಲ್ ಇಂಥವರನ್ನು ಬೇಕಾದಷ್ಟು ನೋಡಿದೆ. ಹೀಗೆ ಐಮ್ಯಾಪ್ ಎಂಬ ದಾರಿಯಿಂದ ಬಂದು ಅಳಿಸಿದ್ದನ್ನು ಅದು ಮಾಮೂಲಾಗಿ ನಿಜಕ್ಕೂ ಅಳಿಸದೆ 'ಆಲ್ ಮೇಲ್' ಎಂಬ ಮಹಾರಾಶಿಯಲ್ಲಿ ಉಳಿಸಿರುತ್ತದೆ. ಕಳೆದದ್ದೆಲ್ಲ ಅಲ್ಲೇ ಸಿಕ್ಕಿತು, ಒಂದು ಫೋಲ್ಡರೂ ಇಲ್ಲದೆ, ಒಂದೇ ಗುಡ್ಡೆಯಾಗಿ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಆ ವಾರವೇ ನಾಟ್‌ಮಚ್ ಎಂಬ ತಂತ್ರಾಂಶದ ಪರಿಚಯವಾಯಿತು. 2009ರ ಸುಮಾರಿಗೆ ಕಾರ್ಲ್ ವರ್ತ್ ಆರಂಭಿಸಿದ್ದು. ಫೋಲ್ಡರಿನ ಗೊಡವೆಯೇ ಬೇಡ, ಮೇಲ್ ಇದ್ದಲ್ಲೇ ಇರಲಿ, ಚೀಟಿ ಅಂಟಿಸಿ ಸಾಕು ಎನ್ನುವ ಮತ ಅದರದು. ಮತಾಂತರಗೊಂಡ ಮೊದಲ ದಿನವೇ, 'ಓದಿಲ್ಲ' ಎಂಬ ಚೀಟಿ ಕಿತ್ತುಹಾಕುವುದು ಹೇಗೆಂದು ಕಲಿತೆ. ಯಾವ ಮೇಲಿನಿಂದ ಎನ್ನುವಲ್ಲಿ ಪರೀಕ್ಷೆಗೆಂದು ಒಂದು ನಕ್ಷತ್ರ ಹಾಕಿದೆ. ನಕ್ಷತ್ರ ಎಂದರೆ ಎಲ್ಲವೂ. ವರ್ಷಗಟ್ಟಲೆ ಓದದೆ ಬಿಟ್ಟಿದ್ದ ಮೇಲ್‌ಗಳನ್ನು ನಾನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದ್ದೆ. ನಾಟ್‌ಮಚ್ ಪ್ರತಿ ಫೈಲಿನ ಬಾಲಕ್ಕೂ ಎಸ್ ಅಂಟಿಸಿತು, ಎಂಬಿಸಿಂಕ್ ಅದನ್ನು ಸರ್ವರಿಗೆ ಮುಟ್ಟಿಸಿತು. ಫೋನಿನ ಮೇಲ್ ಚಿತ್ರದ ಕೆಂಪು ಸಂಖ್ಯೆ ಮಾಯವಾಯಿತು. ಹೆಂಡತಿಗೆ ತೋರಿಸಿದೆ. ಅವಳು ಮೊದಲ ಸಲ ನನ್ನ ಟರ್ಮಿನಲ್ಲಿನ ಕಡೆ ಗೌರವದಿಂದ ನೋಡಿದಳು.

ಭಾನುವಾರ ಬೆಳಿಗ್ಗೆ ಸಂಘದ ಕಾರ್ಯದರ್ಶಿಗಳು ಹಾರ, ಸಿಹಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಖಜಾಂಚಿ ಹುದ್ದೆಗೆ ನನ್ನ ಹೆಸರು ಸೂಚಿಸಿ, ಒಪ್ಪಿಗೆ ಇಲ್ಲದಿದ್ದರೆ ವಾರದೊಳಗೆ ತಿಳಿಸಿ ಎಂದು ಅಪ್ಪಟ ಕನ್ನಡದಲ್ಲಿ ಮೇಲ್ ಕಳಿಸಿದ್ದರಂತೆ. ಆಮೇಲೆ ನೆನಪೋಲೆಯನ್ನೂ ಕಳಿಸಿದ್ದರಂತೆ. "ಮೇಲ್ ನೋಡಿದ್ದೀರಿ ತಾನೆ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಒಳಗಿನಿಂದ ಹೆಂಡತಿ, "ಎಲ್ಲಾ ಓದಿಬಿಟ್ಟಿದ್ದಾರೆ, ಒಂದೂ ಬಾಕಿ ಇಲ್ಲ" ಎಂದಳು.

ಈಗ ಎಲ್ಲ ಮನೆಗಳ ಮೇಂಟೆನೆನ್ಸ್ ರಸೀದಿ, ನೀರಿನ ಟ್ಯಾಂಕರಿನ ಬಿಲ್ಲು, ಲಿಫ್ಟಿನ ದೂರು ಎಲ್ಲವೂ ನನ್ನ ವಿಳಾಸಕ್ಕೇ ಬರುತ್ತವೆ. ಎಲ್ಲವನ್ನೂ ಮನೆ ನಂಬರಿನ ಪ್ರಕಾರ ವಿಂಗಡಿಸುವ ಸ್ಕ್ರಿಪ್ಟ್ ಬರೆದಿದ್ದೇನೆ. 1ನೇ ನಂಬರಿನ ಮನೆಯವರ ಫೋಲ್ಡರಿಗೆ 10, 11, 21ನೇ ಮನೆಯವರ ಹಣವೂ ಹೋಗುತ್ತಿದೆ. 1ನೇ ನಂಬರಿನವರು ಮಾತ್ರ ಬಹಳ ಒಳ್ಳೆಯವರು, ಇದುವರೆಗೆ ಒಂದು ದೂರೂ ಕೊಟ್ಟಿಲ್ಲ.