ನಮ್ಮ ಓಣಿಯ ಜೋಪಾನಪ್ಪನವರು

ಮದುವೆಗೆ ಹೋದವರು ಕೆಲವರು ಮದುಮಗಳ ಸೀರೆ ನೋಡುತ್ತಾರೆ, ಕೆಲವರು ಊಟದ ಪಂಕ್ತಿ ಎಲ್ಲಿಗೆ ಬಂತು ಎಂದು ನೋಡುತ್ತಾರೆ. ಜೋಪಾನಪ್ಪನವರು ನೋಡುವುದು ಎರಡನೇ ಬಾಗಿಲನ್ನು. ಬಳ್ಳಾರಿಯ ಯಾವ ಕಲ್ಯಾಣ ಮಂಟಪಕ್ಕೆ ಕಾಲಿಟ್ಟರೂ ಅಕ್ಷತೆ ಕೈಗೆ ಬರುವ ಮುಂಚೆ ಗೋಡೆಗುಂಟ ಒಂದು ಸುತ್ತು ಹಾಕಿ ಬರುತ್ತಾರೆ. ಎರಡನೇ ಬಾಗಿಲು ಇದ್ದೇ ಇರುತ್ತದೆ. ಅದಕ್ಕೆ ಬೀಗ ಇರುತ್ತದೆ, ಬೀಗದ ಮುಂದೆ ಮುರಿದ ಕುರ್ಚಿಗಳ ಗುಡ್ಡೆ ಇರುತ್ತದೆ. ಕೀಲಿ ಇಟ್ಟುಕೊಂಡವನು ಊಟಕ್ಕೆ ಹೋಗಿರುತ್ತಾನೆ, ಅದೂ ಬೇರೆ ಮದುವೆಯ ಊಟಕ್ಕೆ. "ಬೆಂಕಿ ಬಿದ್ರ ಈ ಮಂದಿ ಎಲ್ಲಿಂದ ಹೊರಗ ಹೋಗ್ಬೇಕ್ರೀ?" ಎಂದು ಅವರು ಹುಡುಗಿಯ ತಂದೆಯನ್ನು ಕೇಳುವುದು ಸರಿಯಾಗಿ ಗಟ್ಟಿಮೇಳದ ಹೊತ್ತಿಗೆ. 'ಶುಭ ನುಡಿಯೋ ಸೋಮ' ಎಂಬ ಗಾದೆಯ ಸೋಮ ಯಾರೆಂದು ನಮ್ಮ ಓಣಿಗೆ ಬಹಳ ಹಿಂದೆಯೇ ಗೊತ್ತಾಗಿದೆ.

ಅವರ ನಿಜವಾದ ಹೆಸರು ಬೇರೆ. ಜೋಪಾನಪ್ಪ ಓಣಿ ಇಟ್ಟ ಹೆಸರು. ಇಂಥವರು ನಿಮ್ಮ ಓಣಿಯಲ್ಲೂ ಒಬ್ಬರಿರುತ್ತಾರೆ, ಹೆಸರು ಮಾತ್ರ ಬೇರೆ ಇಟ್ಟಿರುತ್ತೀರಿ. ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಸರ್ವಿಸ್ ಪೂರ್ತಿ 'ತುರ್ತು' ಎಂಬ ಕೆಂಪು ಚೀಟಿ ಅಂಟಿಸಿದವರು. ಆ ಚೀಟಿ ಹೊತ್ತ ಒಂದು ಫೈಲೂ ತುರ್ತಾಗಿ ಓಡಿದ್ದನ್ನು ಕಾಣಲಿಲ್ಲ. ನಿವೃತ್ತಿಯಾದ ಮೇಲೆ ಆ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸಲು ಹೊರಟಂತಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಓಣಿಗೆ ಯಾರು ಅಧ್ಯಕ್ಷರು ಎಂದು ಕಾಯ್ದೆ ಹೇಳಿಲ್ಲ. ಆ ಲೋಪವನ್ನು ಜೋಪಾನಪ್ಪನವರು ಸ್ವಂತ ಖರ್ಚಿನಲ್ಲಿ ತುಂಬಿದ್ದಾರೆ.

ಮೊದಲು ಅವರ ತುರ್ತು ಚೀಲದ ವಿಷಯ ಹೇಳಬೇಕು. ನಡುಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ್ದಾರೆ. ಆಧಾರ್, ಪಾಸ್‌ಬುಕ್ಕು, ಪಹಣಿ, ಎಲ್‌ಐಸಿ ಬಾಂಡಿನ ಝೆರಾಕ್ಸು ಪ್ಲಾಸ್ಟಿಕ್ ಕವರಿನಲ್ಲಿ, ಟಾರ್ಚು, ಸೀಟಿ, ಪುಟ್ಟ ರೇಡಿಯೋ, ಬಿಪಿ ಮಾತ್ರೆ, ಹುರಿಗಡಲೆ, ಬೆಲ್ಲ, ಅವಲಕ್ಕಿ, ಎರಡು ಬಾಟಲಿ ನೀರು. ಸರ್ಕಾರಿ ಕೈಪಿಡಿಯಲ್ಲಿ ಹೇಳಿದ್ದೆಲ್ಲ ಇದೆ, ಅಥವಾ ಇತ್ತು. ಟಾರ್ಚಿನ ಸೆಲ್ಲು ಟಿವಿ ರಿಮೋಟಿಗೆ ಹೋಯಿತು. ಬೆಲ್ಲ ಮೊಮ್ಮಗನಿಗೆ ಹೋಯಿತು. ಹೇಳದೆ ಕೇಳದೆ ಬೀಗರು ಬಂದ ಒಂದು ಬೆಳಗ್ಗೆ ಅವಲಕ್ಕಿ ಒಗ್ಗರಣೆಗೆ ಹೋಯಿತು. "ಅದು ತುರ್ತು ಪರಿಸ್ಥಿತಿಗೆ ಇಟ್ಟಿದ್ದು" ಎಂದು ಅವರು ಕೂಗಾಡಿದಾಗ ಮನೆಯವರು (ಓಣಿ ಅವರನ್ನು ಜೋಪಾನಮ್ಮ ಎನ್ನುತ್ತದೆ) ಬಾಣಲೆಯಿಂದ ತಲೆಯೆತ್ತದೆ ಹೇಳಿದರು: "ಆರು ಮಂದಿ ಕುಂತಾರ, ಅಂಗಡಿ ಇನ್ನಾ ತೆಗ್ದಿಲ್ಲ. ಇದಕ್ಕಿಂತ ತುರ್ತು ಯಾವಾಗ ಬರ್ತೈತ್ರೀ?" ಅಂದಿನಿಂದ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಚೀಲ ಬಿಚ್ಚಿ ಎಲ್ಲ ಲೆಕ್ಕ ಹಾಕುವ ಪದ್ಧತಿ ಬಂತು. ಇದು ಒಳ್ಳೆಯ ಪದ್ಧತಿ. ಚೀಲ ಇಟ್ಟುಕೊಂಡವರಲ್ಲಿ ಬಹಳ ಜನ ಅದನ್ನು ಮತ್ತೆ ಬಿಚ್ಚುವುದೇ ಇಲ್ಲ.

ಬೆಂಕಿ ನಂದಿಸುವ ಸಿಲಿಂಡರಿನದು ಇನ್ನೊಂದು ಕಥೆ. ಆಯುಧಪೂಜೆಗೆ ಸ್ಕೂಟರಿನ ಜತೆ ಅದಕ್ಕೂ ಪೂಜೆ. ವರ್ಷವರ್ಷ ವಿಭೂತಿ, ಕುಂಕುಮ ಬಿದ್ದು ಒತ್ತಡ ತೋರಿಸುವ ಗಡಿಯಾರ ಪೂರ್ತಿ ಮುಚ್ಚಿಹೋಗಿತ್ತು. ಮುಳ್ಳು ಹಸಿರು ಪಟ್ಟಿಯಲ್ಲಿದ್ದರೆ ಸರಿಯಿದೆ, ಕೆಂಪಿಗೆ ಬಂದರೆ ತುಂಬಿಸಬೇಕು ಎಂದು ಅವರೇ ಎಲ್ಲರಿಗೂ ಪಾಠ ಮಾಡಿದ್ದರು. ಆದರೆ ಕುಂಕುಮದಿಂದಾಗಿ ಅದು ಯಾವಾಗಲೂ ಕೆಂಪೇ. ಒರೆಸಿ ನೋಡಿದರೆ ಕೆಳಗೂ ಕೆಂಪೇ ಇತ್ತು.

ಬೇಸಿಗೆಯಲ್ಲಿ ಅವರ ಉತ್ಸಾಹ ಇಮ್ಮಡಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದು ಗಂಟೆಗೆ ರಾಯಲ್ ಸರ್ಕಲ್ಲಿನ ಡಾಂಬರು ಚಪ್ಪಲಿಗೆ ಅಂಟುವಾಗ, ಯಾರೂ ಬಿಸಿಲಿಗೆ ಹೊರಗೆ ಬರಬಾರದು ಎಂದು ಹೇಳಲು ಅವರು ಹೊರಗೆ ಬಂದಿರುತ್ತಾರೆ. ಕೈಯಲ್ಲಿ ಛತ್ರಿ, ಹೆಗಲಿಗೆ ನೀರಿನ ಕ್ಯಾನು. ತಳ್ಳುಗಾಡಿಯವರನ್ನೂ ಹಮಾಲರನ್ನೂ ನಿಲ್ಲಿಸಿ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂದು ಪಾಠ ಒಪ್ಪಿಸುತ್ತಾರೆ. ಕೇಳಿದವರು ನಗುತ್ತಾರೆ. ನೀರು ಮಾತ್ರ ಕುಡಿಯುತ್ತಾರೆ, ಅಷ್ಟೇ ಲಾಭ.

2023ರ ಅಕ್ಟೋಬರ್ 12ನ್ನು ಅವರು ಮರೆಯಲಾರರು. ಒಗ್ಗರಣೆ-ಮಿರ್ಚಿ ಅಂಗಡಿಯ ಮುಂದೆ ಎಲ್ಲರೂ ಪ್ಲೇಟು ಹಿಡಿದು ನಿಂತ ಹೊತ್ತು. ಇದ್ದಕ್ಕಿದ್ದಂತೆ ಜೇಬುಜೇಬಿನಲ್ಲೂ ಫೋನು ಕಿರುಚಿಕೊಂಡಿತು, ಗಡಗಡ ನಡುಗಿತು. ಒಬ್ಬ ಬ್ಯಾಟರಿ ಸಿಡಿಯುತ್ತದೆಂದು ಫೋನನ್ನು ಚಟ್ನಿ ಬಕೆಟ್ಟಿನ ಪಕ್ಕಕ್ಕೆ ಎಸೆದ. ಇನ್ನೊಬ್ಬ ಸಾಲ ಕೊಟ್ಟವನ ಹೊಸ ಉಪಾಯವೆಂದು ಸ್ವಿಚ್ ಆಫ್ ಮಾಡಿದ. ಜೋಪಾನಪ್ಪನವರ ಮುಖದಲ್ಲಿ ಮಾತ್ರ ಮಗ ಎಸ್ಸೆಸ್ಸೆಲ್ಸಿ ಪಾಸಾದ ದಿನದ ಕಳೆ. ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ, ಕರ್ನಾಟಕದ ಮೊಬೈಲುಗಳಿಗೆ ದೂರಸಂಪರ್ಕ ಇಲಾಖೆ ಕಳಿಸಿದ ಎಚ್ಚರಿಕೆಯ ಮಾದರಿ. ಪ್ರವಾಹ, ಚಂಡಮಾರುತ ಬಂದರೆ ಆ ಪ್ರದೇಶದ ಟವರುಗಳಿಂದಲೇ ಎಲ್ಲ ಫೋನಿಗೂ ಒಮ್ಮೆಗೇ ಸುದ್ದಿ ಮುಟ್ಟಿಸುವ ವ್ಯವಸ್ಥೆ. ಅವರು ಬೆಂಚಿನ ಮೇಲೆ ನಿಂತು ಸಂದೇಶವನ್ನು ಗಟ್ಟಿಯಾಗಿ ಓದಿದರು. ಇದನ್ನು ಕಡೆಗಣಿಸಿ, ನೀವು ಏನೂ ಮಾಡಬೇಕಾಗಿಲ್ಲ ಎಂಬ ಸಾಲು ಬಂದಾಗ ದನಿ ಇಳಿಯಿತು. "ಈ ಒಂದು ಮಾತು ಬರೀಬಾರ್ದಿತ್ತು" ಎಂದು ಕೆಳಗಿಳಿದರು. "ನಮ್ಮ ಮಂದಿಗೆ ಅದನ್ನ ಬರೆದು ಬ್ಯಾರೆ ಹೇಳ್ಬೇಕೇನು?"

2025ರ ಮೇ 7 ಅವರಿಗೆ ಅವಮಾನದ ದಿನ. ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆದಾಗ ಕರ್ನಾಟಕದ ಪಟ್ಟಿಯಲ್ಲಿ ಬೆಂಗಳೂರಿಗೆ ಜಾಗ, ಕಾರವಾರಕ್ಕೆ ಜಾಗ, ರಾಯಚೂರಿಗೂ ಜಾಗ. ಬಳ್ಳಾರಿಗೆ ಇಲ್ಲ. ಬೆಂಗಳೂರು, ಕಾರವಾರವನ್ನು ಅವರು ಕ್ಷಮಿಸಿದರು. ರಾಯಚೂರನ್ನು ಕ್ಷಮಿಸಲಾಗಲಿಲ್ಲ. "ಅವರಿಗೆ ಶಕ್ತಿನಗರ ಐತಿ ಅಂದ್ರ ನಮಗ ಕುಡಿತಿನಿ ಇಲ್ಲೇನು? ತೋರಣಗಲ್ಲು ಇಲ್ಲೇನು?" ಎಂದು ರಾತ್ರಿ ತಮ್ಮ ಸೀಟಿ ಊದಿ ಓಣಿಗೆಲ್ಲ ದೀಪ ಆರಿಸಲು ಹೇಳಿದರು. "ಕರೆಂಟು ಇವತ್ತ ಮೂರ್ಸಲ ಹೋಗಿ ಬಂದೈತಿ, ನಿಮ್ಮದೂ ಒಂದು ಆಗ್ಲಿ" ಎಂದು ಜೋಪಾನಮ್ಮ ಸ್ವಿಚ್ಚು ಒತ್ತಿದರು.

ಇಷ್ಟಾದರೂ ಅವರು ನಿಜವಾಗಿ ಸೋತದ್ದು ಓಣಿಯ ಪಟ್ಟಿ ಮಾಡಲು ಹೊರಟಾಗ. ಯೋಚನೆ ಸರಿಯಾದದ್ದೇ. ಯಾವ ಮನೆಯಲ್ಲಿ ನಡೆಯಲಾಗದ ಹಿರಿಯರಿದ್ದಾರೆ, ಎಲ್ಲಿ ಬಾಣಂತಿ ಇದ್ದಾಳೆ, ಈಜು ಯಾರಿಗೆ ಬರುತ್ತದೆ, ಜೀಪು ಯಾರದ್ದು, ನರ್ಸ್ ಕೆಲಸದವರು ಯಾರು ಎಂದು ಒಂದು ಹಾಳೆಯಲ್ಲಿದ್ದರೆ ಆಪತ್ತಿಗೆ ಮೊದಲು ಒದಗುವುದು ಆ ಹಾಳೆಯೇ. ಅಗ್ನಿಶಾಮಕ ದಳ ಬರುವವರೆಗೆ ಪಕ್ಕದ ಮನೆಯವರೇ ಅಗ್ನಿಶಾಮಕ ದಳ. ಆದರೆ ಕೈಯಲ್ಲಿ ರಿಜಿಸ್ಟರು ಹಿಡಿದು, ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಬಾಗಿಲು ತಟ್ಟಿದವರನ್ನು ನಮ್ಮ ಜನ ನಂಬುತ್ತಾರೆಯೇ? ಬಿಪಿಎಲ್ ಕಾರ್ಡು ರದ್ದು ಮಾಡಲು ಬಂದಿದ್ದಾರೆಂಬ ಸುದ್ದಿ ಅವರಿಗಿಂತ ಒಂದು ಮನೆ ಮುಂದೆ ಓಡಿತು. ಮೂಲೆಮನೆಯವರು ಫ್ರಿಜ್ಜಿಗೆ ಸೀರೆ ಹೊದಿಸಿ ದೇವರಮನೆಯ ಪಕ್ಕ ನಿಲ್ಲಿಸಿದರು. ಜೀಪಿದ್ದವನು ಅದು ಭಾವಮೈದುನನದು ಎಂದ. ಸರಸರ ಓಡಾಡುವ ಅಜ್ಜಿಯೊಬ್ಬಳು, ಪಿಂಚಣಿ ಹೆಚ್ಚಾಗಬಹುದೆಂದು, ಎರಡು ವರ್ಷದಿಂದ ಎದ್ದಿಲ್ಲವೆಂದು ಬರೆಸಿದಳು. ಒಟ್ಟಿನಲ್ಲಿ ಆ ಪಟ್ಟಿಯ ಪ್ರಕಾರ ನಮ್ಮ ಓಣಿ ವಿಪತ್ತು ಬಂದು ಹೋದ ಮೇಲಿನ ಓಣಿ.

ನಿಜವಾದ ಪಟ್ಟಿ ಜೋಪಾನಮ್ಮನ ತಲೆಯಲ್ಲಿತ್ತು. ಅರಿಶಿನ-ಕುಂಕುಮಕ್ಕೆ ಮನೆಮನೆ ತಿರುಗುವವರಿಗೆ ರಿಜಿಸ್ಟರು ಬೇಕಿಲ್ಲ. ಒಂದು ಸಂಜೆ ಮೇಲಿನ ಮನೆಯಿಂದ ಗ್ಯಾಸಿನ ವಾಸನೆ ಬಂದಾಗ ಜೋಪಾನಪ್ಪನವರು ತಾವೇ ಬರೆದ ಸೂಚನೆಗಳ ಹಾಳೆ ಹುಡುಕುತ್ತಿದ್ದರು. ಆಕೆ "ಲೈಟು ಹಾಕಬ್ಯಾಡ್ರೇ, ಫ್ಯಾನ್ ಮುಟ್ಟಬ್ಯಾಡ್ರೇ" ಎನ್ನುತ್ತ ಮೆಟ್ಟಿಲು ಹತ್ತಿ, ರೆಗ್ಯುಲೇಟರು ತಿರುವಿ, ಕಿಟಕಿ ತೆರೆದು, ಬಾಣಂತಿಯನ್ನೂ ಕೂಸನ್ನೂ ಕೆಳಗೆ ಕರೆತಂದಿದ್ದರು. ಗ್ಯಾಸ್ ಸೋರಿಕೆಗೆ 1906ಕ್ಕೆ ಫೋನು ಮಾಡಬೇಕೆಂದು ಹೇಳಿದವರು ಮಾತ್ರ ಜೋಪಾನಪ್ಪನವರು. ಅವರ ಪಾಲಿನದನ್ನು ಅವರಿಗೆ ಕೊಡಬೇಕು. ಆಕೆಗೆ ಅದನ್ನೆಲ್ಲ ಬಾಯಿಪಾಠ ಮಾಡಿಸಿದವರು ಯಾರು? ವರ್ಷಗಟ್ಟಲೆ ಅದೇ ಮಾತು ಕೇಳಿದರೆ ಗೋಡೆಗೂ ಬಾಯಿಪಾಠವಾಗುತ್ತದೆ.

ಅವರ ಹುಟ್ಟೂರು ಸಿರುಗುಪ್ಪ. ತಮ್ಮ ಅಲ್ಲೇ ಹೊಳೆದಂಡೆಯಲ್ಲಿ ಭತ್ತ ಬೆಳೆಯುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಸುದ್ದಿ ತಿಳಿದ ಕೂಡಲೇ ಜೋಪಾನಪ್ಪನವರು ತಮ್ಮನಿಗೆ ಫೋನು ಹಚ್ಚಿದರು. "ತಮ್ಮಾ, ಹತ್ತೊಂಬತ್ತನೇ ಗೇಟು ಹೋತೋ!" ನಿದ್ದೆಗಣ್ಣಿನ ತಮ್ಮ ಕೇಳಿದ: "ಯಾವುದಣ್ಣಾ, ರೈಲ್ವೇ ಗೇಟಾ? ಲಾರಿ ಗುದ್ದಿತೇನು?"

ಜಲಾಶಯ ತುಂಬಿ 105 ಟಿಎಂಸಿ ಅಡಿ ನೀರು ನಿಂತಿದ್ದ ಹೊತ್ತು. ಒಟ್ಟು 33 ಗೇಟು. ಒತ್ತಡ ಇಳಿಸಲು ಉಳಿದವನ್ನೂ ಎತ್ತಿ ಲಕ್ಷ ಕ್ಯುಸೆಕ್ಸಿನಷ್ಟು ನೀರು ಹೊಳೆಗೆ ಬಿಡಬೇಕಾಯಿತು. ವಾಟ್ಸ್ಆ್ಯಪ್ಪಿನಲ್ಲಿ ಬೆಳಗಾಗುವಷ್ಟರಲ್ಲಿ ಅಣೆಕಟ್ಟೇ ಒಡೆದಿತ್ತು, ಊರುಗಳು ತೇಲಿಹೋಗಿದ್ದವು. ಜೋಪಾನಪ್ಪನವರು ಅತ್ಯಂತ ಬೆಳಗಿದ್ದು ಆವತ್ತೇ. ಬಂದ ಒಂದೊಂದು ಫಾರ್ವರ್ಡಿಗೂ ಉತ್ತರ ಬರೆದರು: "ಬಾಗಿಲು ಮುರಿದರೆ ಮನೆ ಬಿತ್ತು ಅನ್ನಬ್ಯಾಡ್ರಿ. ಒಡೆದದ್ದು ಗೇಟು, ಅಣೆಕಟ್ಟಲ್ಲ. ಜಿಲ್ಲಾಡಳಿತದ ಮಾತು ಕೇಳ್ರಿ. ಹೊಳೆಗೆ ಇಳಿಬ್ಯಾಡ್ರಿ, ಸೆಲ್ಫಿಗೆ ಮೊದಲೇ ಬ್ಯಾಡ್ರಿ." ನೀರು ಹೊಸಪೇಟೆ ಬಿಟ್ಟು ಕಂಪ್ಲಿ ದಾಟಿ ಸಿರುಗುಪ್ಪ ಮುಟ್ಟಲು ಗಂಟೆಗಟ್ಟಲೆ ಹಿಡಿಯುತ್ತದೆ. ಆ ಗಂಟೆಗಳಲ್ಲಿ ಏನು ಮಾಡುತ್ತೇವೆ ಎನ್ನುವುದೇ ಪೂರ್ವಸಿದ್ಧತೆ ಎಂದು ಅವರು ಬರೆದ ಸಾಲು ನನಗೆ ಯಾವ ಸರ್ಕಾರಿ ಕೈಪಿಡಿಗಿಂತಲೂ ಹಿಡಿಸಿತು. ಬರೆದವರು ಮಾತ್ರ ಮೊದಲ ಬಸ್ಸಿಗೆ ಚೀಲ ಏರಿಸಿ ಸಿರುಗುಪ್ಪಕ್ಕೇ ಹೊರಟರು. ಹೊಳೆಯಿಂದ ದೂರ ಹೋಗಿ ಎಂದು ಎಲ್ಲರಿಗೂ ಹೇಳಿದವರು ಹೊಳೆಯ ಕಡೆಗೆ.

ಅಲ್ಲಿ ಹೋದರೆ ತಮ್ಮ ಆಗಲೇ ಪಂಪ್‌ಸೆಟ್ಟಿನ ಮೋಟಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಮೇಲೆಳೆದು, ದನಕರು ದಿಬ್ಬಕ್ಕೆ ಹೊಡೆದು, ಗೊಬ್ಬರದ ಚೀಲ ಅಟ್ಟಕ್ಕೇರಿಸಿ, ಜಗಲಿ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. 2009ರ ಅಕ್ಟೋಬರಿನ ನೆರೆ ಕಂಡವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಅಣ್ಣ ಚೀಲ ಬಿಚ್ಚಿ ಒಂದೊಂದೇ ಸಾಮಾನು ತೋರಿಸಿದರು. ತಮ್ಮ ಎಲ್ಲ ಕೇಳಿಸಿಕೊಂಡು, "ಅಣ್ಣಾ, ಇದ್ರಾಗ ಎಮ್ಮಿ ಹಿಡಿತೈತೇನು?" ಎಂದ. ಉತ್ತರ ಇರಲಿಲ್ಲ. ಆದರೆ ತಮ್ಮನ ಪಹಣಿ, ಪಾಸ್‌ಬುಕ್ಕು ಮಂಚದ ಕೆಳಗಿನ ಟ್ರಂಕಿನಲ್ಲೇ ಇದ್ದವು, ನೀರು ಮೊದಲು ನುಗ್ಗುವ ಜಾಗದಲ್ಲಿ. ಅವನ್ನು ಅಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿದರು. ಅಣ್ಣನ ಪಟ್ಟಿಗೆ 'ದನಕರು, ಹಗ್ಗ, ಮೇವು' ಎಂದು ತಮ್ಮ ಸೇರಿಸಿದ. ವಾರ ತುಂಬುವಷ್ಟರಲ್ಲಿ ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿವಿನ ನಡುವೆಯೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದರು. ಅನಾಹುತ ತಪ್ಪಿದ್ದಕ್ಕೆ ಜೋಪಾನಪ್ಪನವರಿಗೆ ಬಹಳ ಸಂತೋಷ. ಸೀಟಿ ಊದದೆ ವಾಪಸ್ಸು ಬಂದದ್ದಕ್ಕೆ ಒಂಚೂರು ಬೇಸರ.

ಮಗಳನ್ನು ಕೊಟ್ಟಿದ್ದು ಕುರುಗೋಡಿಗೆ. ಅಲ್ಲಿ ಹೊಳೆಯ ಭಯಕ್ಕಿಂತ ಮುಂಗಾರು ಪೂರ್ವದ ಸಿಡಿಲಿನ ಭಯ. ಮೆಣಸಿನಕಾಯಿ ಹೊಲದಲ್ಲಿ ಗುಡುಗು ಕೇಳಿದ ತಕ್ಷಣ ಕೂಲಿಯವರೆಲ್ಲ ಬೇವಿನಮರದ ಬುಡಕ್ಕೆ ಓಡಿದ್ದನ್ನು ಕಂಡು ಇವರು ಎದೆ ಹೊಡೆದುಕೊಂಡರು. ಫೋನು ತೆಗೆದು 'ದಾಮಿನಿ' ಆ್ಯಪ್ ತೋರಿಸಿ, ಸಿಡಿಲು ಎಷ್ಟು ದೂರದಲ್ಲಿದೆ ಎಂದು ವಿವರಿಸತೊಡಗಿದರು, ಅದೂ ಬಯಲಿನಲ್ಲೇ ನಿಂತು. ಬೀಗತಿಯವರು ಒಪ್ಪಲಿಲ್ಲ. "ಅರ್ಜುನ ಅರ್ಜುನ ಅಂದ್ರ ಸಿಡಿಲು ಹತ್ರ ಬರಂಗಿಲ್ಲ, ನಮ್ಮ ಅತ್ತಿ ಹೇಳಿದ್ದು." ಜೋಪಾನಪ್ಪನವರು ಜೀವಮಾನದಲ್ಲೇ ಅತ್ಯಂತ ಶಾಣ್ಯಾತನದ ಮಾತನ್ನು ಆಗ ಆಡಿದರು: "ಅನ್ರೀ ಅವ್ವಾ, ನೂರಾ ಎಂಟು ಸಲ ಅನ್ರಿ. ಆದ್ರ ಮನಿಯೊಳಗ ಬಂದು ಅನ್ರಿ." ಈಗ ಆ ಹೊಲದಲ್ಲಿ ಮೋಡ ಕಪ್ಪಾದರೆ ಎಲ್ಲರೂ ಮರ ಬಿಟ್ಟು ಮನೆಗೆ ಓಡುತ್ತಾರೆ, ಅರ್ಜುನನನ್ನು ಜತೆಗೆ ಕರೆದುಕೊಂಡೇ. ದೊಡ್ಡಬಸವೇಶ್ವರನ ತೇರಿಗೆ ಹೋಗುವ ಮಕ್ಕಳ ಜೇಬಿನಲ್ಲಿ ಫೋನ್ ನಂಬರಿನ ಚೀಟಿಯೂ ಇರುತ್ತದೆ. ಅದೂ ಇವರ ಕಿತಾಪತಿಯೇ.

ನಗಬೇಡಿ ಎಂದು ನಾನು ಹೇಳುವುದಿಲ್ಲ. ನಾವೂ ನಗುತ್ತೇವೆ. ನಕ್ಕವರೆಲ್ಲರ ಫೋನಿನಲ್ಲಿ ಅವರ ನಂಬರಿದೆ ಎನ್ನುವುದೂ ನಿಜ. ನಿಮ್ಮ ಓಣಿಯ ಜೋಪಾನಪ್ಪ ರಿಜಿಸ್ಟರು ಹಿಡಿದು ಬಂದರೆ ಫ್ರಿಜ್ಜಿಗೆ ಸೀರೆ ಹೊದಿಸದೆ ಇದ್ದದ್ದನ್ನು ಇದ್ದಂತೆ ಬರೆಸಿ. 112, 108, ಜಿಲ್ಲಾ ತುರ್ತು ಕೇಂದ್ರದ 1077, ಇವಿಷ್ಟನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳಿ. ಚಹಾ ಕೊಟ್ಟು ಕಳಿಸಿ. ಹತ್ತೊಂಬತ್ತನೇ ಗೇಟಿನ ಮಾತು ಮಾತ್ರ ತೆಗೆಯಬೇಡಿ, ರಾತ್ರಿ ಊಟಕ್ಕೂ ಅವರೇ ಇರುತ್ತಾರೆ.